ಹಿಮ ಕಾಣದವರ ಡ್ರ್ಯಾಗನ್‌ಗಳು

ಕಾಸರಗೋಡಿನ ಬದಿಯಡ್ಕ ಕಡೆಯ ನಿವೃತ್ತ ಅಧ್ಯಾಪಕರೊಬ್ಬರು ಬರೆದ ಪತ್ರದ ಸಾರಾಂಶ: “ಡಿಗ್ರಿ ಎರಡನೆಯ ವರ್ಷದಲ್ಲಿರುವ ನನ್ನ ಮೊಮ್ಮಗ ಇಬ್ಬರು ಗೆಳೆಯರೊಂದಿಗೆ ಸೇರಿ ಇಲ್ಲದ ಲೋಕವೊಂದನ್ನು ಕಟ್ಟುತ್ತಿದ್ದಾನೆ. ಅದಕ್ಕೆ ಒಂಬತ್ತು ದೇವರು, ನಾಲ್ಕು ಡ್ರ್ಯಾಗನ್, ಒಂದು ನಕ್ಷೆ. ಒಬ್ಬ ಒಂದು ದೇವರನ್ನು ಹುಟ್ಟಿಸಿದರೆ ಇನ್ನೊಬ್ಬ ಅದಕ್ಕೊಬ್ಬ ವೈರಿಯನ್ನು ಹುಟ್ಟಿಸುತ್ತಾನೆ. ಪಿ.ಎಸ್.ಸಿ. ಪರೀಕ್ಷೆಗೆ ಓದಬೇಕಾದ ವಯಸ್ಸಿನಲ್ಲಿ ಇದೆಂಥ ಹುಡುಗಾಟ? ಇರುವ ದೇವರು ಸಾಲದೆ? ಅದ್ಭುತ ಕಥೆಯೇ ಬೇಕಿದ್ದರೆ ನಾವು ಓದಿದ ಚಂದಮಾಮ ಇತ್ತಲ್ಲ. ನಿಮ್ಮ ಪತ್ರಿಕೆ ಇಂಥದ್ದರ ವಿರುದ್ಧ ನಾಲ್ಕು ಮಾತು ಬರೆಯಬೇಕು. ನಾನೂ ಒಂದು ಕಾಲದಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳಿದವನು, ಕಲೆಯ ವಿರೋಧಿಯಲ್ಲ.” ಪತ್ರದ ಜೊತೆಗೆ ಮೊಮ್ಮಗನ ನೋಟ್‌ಬುಕ್ಕಿನ ಕೆಲವು ಪುಟಗಳ ಜೆರಾಕ್ಸ್ ಕೂಡ ಇದೆ.

ಮಾಸ್ಟ್ರೇ, ನಿಮ್ಮ ಪತ್ರಕ್ಕೆ ಉತ್ತರ ನಾಲ್ಕು ಮಾತಿನಲ್ಲಿ ಮುಗಿಯುವುದಿಲ್ಲ, ನೀವು ಬಯಸಿದ ಕಡೆಗೂ ಹೋಗುವುದಿಲ್ಲ. ಪರೀಕ್ಷೆಯ ವಿಚಾರದಲ್ಲಿ ನಿಮ್ಮ ಮಾತು ಸರಿ. ಹೊಟ್ಟೆಪಾಡಿನ ಓದು ಬೇಕು, ನಿದ್ದೆಯೂ ಬೇಕು. ಅಜ್ಜನಾಗಿ ಅದನ್ನು ಹೇಳುವ ಹಕ್ಕು ನಿಮಗಿದೆ, ಹೇಳಿ. ಅಲ್ಲಿಗೆ ಆ ಪ್ರಕರಣ ಮುಗಿಯಿತು.

ಆ ಪುಟಗಳನ್ನು ಹುಡುಗನನ್ನು ಕೇಳಿ ಕಳುಹಿಸಿದಿರಾ? ಪತ್ರದ ಧಾಟಿ ನೋಡಿದರೆ ಕೇಳಿದಂತಿಲ್ಲ. ಇನ್ನೊಬ್ಬರ ಅರ್ಧ ಬರೆದ ಬರಹವನ್ನು ಸಾಕ್ಷ್ಯವೆಂದು ಪತ್ರಿಕೆಗೆ ಕಳುಹಿಸುವುದು ನಲವತ್ತು ಮಕ್ಕಳ ಕಾಪಿ ಪುಸ್ತಕ ತಿದ್ದಿದ ಕೈಗೆ ಶೋಭಿಸುವುದಿಲ್ಲ. ಆದರೂ ಓದಿದೆ. ನಾನು ಮಾತ್ರವಲ್ಲ, ಇಲ್ಲಿ ಪ್ರೂಫ್ ನೋಡುವವರು ಊಟದ ಹೊತ್ತು ಮೀರಿದರೂ ಕೆಳಗಿಡಲಿಲ್ಲ. ಅದರಲ್ಲಿ ಮಳೆಯ ದೇವರ ಪುಟವೊಂದಿದೆ. ಮಳೆದೇವರು ಹೆಣ್ಣು ಎಂದು ಒಬ್ಬನ ವಾದ, ಗಂಡು ಎಂದು ಇನ್ನೊಬ್ಬನ ವಾದ. ಮಳೆಗೆ ದೇವರೇ ಬೇಡ, ಅದು ಸಮುದ್ರ ಬೆಟ್ಟಕ್ಕೆ ತೀರಿಸುವ ಸಾಲ ಎಂದು ಮೂರನೆಯವನ ವಾದ. ಎರಡು ಪುಟ ಜಗಳವಾಡಿ ಕೊನೆಗೆ ತೀರ್ಮಾನಿಸಿದ್ದಾರೆ: ನದಿಯ ಬಡಗು ದಡದವರು ಒಂದು ಹೆಸರಿನಿಂದ, ತೆಂಕು ದಡದವರು ಇನ್ನೊಂದು ಹೆಸರಿನಿಂದ ಕರೆಯಲಿ, ಎರಡೂ ಒಂದೇ ಎಂಬುದು ಅಂಬಿಗನಿಗೆ ಮಾತ್ರ ಗೊತ್ತಿರಲಿ. ಚಂದ್ರಗಿರಿ ಹೊಳೆಯ ಎರಡೂ ದಡಗಳಲ್ಲಿ ಓಡಾಡದ ಮಕ್ಕಳು ಇದನ್ನು ಬರೆಯಲಾರರು. ದೈವ ಕುಣಿದರೆ ಈಚೆ ಭೂತಕೋಲ, ಆಚೆ ತೆಯ್ಯಂ. ದೈವದ ಕಥೆ ಹಾಡಿದರೆ ಈಚೆ ಪಾಡ್ದನ, ಆಚೆ ತೋಟ್ಟಂ ಎಂದು ಭಾಷಣದಲ್ಲಿ ನಾವು ಗೆರೆ ಎಳೆಯುತ್ತೇವೆ. ಮಂಜೇಶ್ವರದಿಂದ ಪಯ್ಯನ್ನೂರಿನವರೆಗೆ ರೈಲಿನಲ್ಲಿ ಹೋದರೆ ಆ ಗೆರೆ ಎಲ್ಲಿಯೂ ಕಾಣಿಸುವುದಿಲ್ಲ.

ಈಗ ನಿಮ್ಮದೇ ಮಾತಿಗೆ ಬರುತ್ತೇನೆ. ನೀವು ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತಗಳಿಲ್ಲದ ಯಕ್ಷಗಾನದಲ್ಲಿ, ಅರ್ಥ ಹೇಳಿದವರು. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಕುಂಬಳೆಯ ಪಾರ್ತಿಸುಬ್ಬ ‘ವಾಲಿವಧೆ’ಗೆ ಪದ್ಯಗಳನ್ನು ಕೊಟ್ಟ. ಬಾಣ ತಗಲಿ ಬಿದ್ದ ವಾಲಿ ಏನೆಂದು ವಾದಿಸುತ್ತಾನೆ, ರಾಮ ಯಾವ ಸಮಜಾಯಿಷಿ ಕೊಡುತ್ತಾನೆ ಎಂಬುದನ್ನು ಕೂಟದಲ್ಲಿ ಕುಳಿತವರೇ ಆ ರಾತ್ರಿಗೆ ಕಟ್ಟಬೇಕು. ಎದುರಿನವರು ಎಸೆದ ಮಾತನ್ನು ಹಿಡಿದು ಬೆಳೆಸಬೇಕು, ಕೆಳಗೆ ಬೀಳಿಸಬಾರದು. ಪದ್ಯ ಹಾಡುವ ಭಾಗವತರು ಮುಂದಿನದನ್ನು ಎತ್ತಿದರೆ ಎಂಥ ವಾಗ್ಮಿಯಾದರೂ ಅತ್ತ ಹೊರಳಬೇಕು. ಮರುದಿನ ಅದೇ ಪ್ರಸಂಗಕ್ಕೆ ಬೇರೆ ಇಬ್ಬರು ಕುಳಿತರೆ ಕಿಷ್ಕಿಂಧೆಯೇ ಬೇರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ತಂತಮ್ಮ ಪಾತ್ರದ ಮಾತನ್ನು ಸ್ಥಳದಲ್ಲೇ ಆಡುತ್ತಾರೆ, ಏನಾಯಿತೆಂಬುದನ್ನು ದಾಳ ತೀರ್ಮಾನಿಸುತ್ತದೆ. ಇಂದು ಜಗತ್ತಿನಾದ್ಯಂತ ಎಳೆಯರು ಗುಂಪುಗೂಡಿ ಕಟ್ಟುವ ಲೋಕಗಳಿಗೆ ದೊಡ್ಡ ಪ್ರೇರಣೆ ಈ ಆಟ. ನಮ್ಮ ಕೂಟವೂ ಹಾಗೆಯೇ: ನಡುವೆ ಭಾಗವತ, ಎದುರುಬದುರು ಅರ್ಥಧಾರಿಗಳು. ದಾಳವೊಂದು ನಮ್ಮಲ್ಲಿಲ್ಲ, ಅದರ ಕೆಲಸವನ್ನು ಎದುರು ಅರ್ಥಧಾರಿಯ ಸಿಟ್ಟು ಮಾಡುತ್ತದೆ.

ಹತ್ತೊಂಬತ್ತು ವರ್ಷಕ್ಕೆ ಇದು ಹುಡುಗಾಟ ಎಂದಿರಿ. 1826ರಲ್ಲಿ ಇಂಗ್ಲೆಂಡಿನ ಪಾದ್ರಿಯೊಬ್ಬರು ಮಗನಿಗೆ ಹನ್ನೆರಡು ಮರದ ಸಿಪಾಯಿಗಳನ್ನು ತಂದುಕೊಟ್ಟರು. ಆ ಮನೆಯ ಮಕ್ಕಳು ಷಾರ್ಲೆಟ್, ಬ್ರಾನ್ವೆಲ್, ಎಮಿಲಿ, ಆನ್ ಬ್ರಾಂಟೆ ಆ ಸಿಪಾಯಿಗಳಿಗೆ ಹೆಸರಿಟ್ಟು, ರಾಜ್ಯ ಕಟ್ಟಿಕೊಟ್ಟು, ತಾವು ನಾಲ್ವರೂ ಆ ರಾಜ್ಯದ ಮೇಲಿನ ದೇವತೆಗಳಾಗಿ ಕುಳಿತರು. ಬೆಂಕಿಪೊಟ್ಟಣದಷ್ಟು ಸಣ್ಣ ಪುಸ್ತಕಗಳಲ್ಲಿ, ಭೂತಗನ್ನಡಿ ಬೇಕಾಗುವಂಥ ಅಕ್ಷರಗಳಲ್ಲಿ ಆ ಲೋಕದ ವರದಿ ಬರೆದರು. ಮುಂದೆ ಎಮಿಲಿ ಮತ್ತು ಆನ್ ಬೇರೆ ಬಿಡಾರ ಹೂಡಿ ‘ಗೊಂಡಾಲ್’ ಎಂಬ ತಮ್ಮದೇ ದ್ವೀಪ ಮಾಡಿಕೊಂಡರು. 1845ರಲ್ಲಿ ಇಬ್ಬರೂ ಯಾರ್ಕ್ ನಗರಕ್ಕೆ ಹೋಗಿ ಬಂದರು. ಆ ಪ್ರವಾಸದುದ್ದಕ್ಕೂ ತಾವು ಗೊಂಡಾಲಿನ ಪಾತ್ರಗಳಾಗಿಯೇ ಇದ್ದೆವೆಂದು ಎಮಿಲಿ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಆಗ ಅವಳಿಗೆ ಇಪ್ಪತ್ತೇಳು ತುಂಬುತ್ತಿತ್ತು! 1847ರಲ್ಲಿ ಅವಳ ಒಂದೇ ಒಂದು ಕಾದಂಬರಿ ‘ವುದರಿಂಗ್ ಹೈಟ್ಸ್’ ಬಂತು. ಜಗತ್ತಿನ ಇಂಗ್ಲಿಷ್ ತರಗತಿಗಳಲ್ಲಿ ಅದು ಇವತ್ತಿಗೂ ಪಾಠ. ನಿಮ್ಮ ಮೊಮ್ಮಗ ಎಮಿಲಿ ಆಗುತ್ತಾನೆಂಬ ಗ್ಯಾರಂಟಿ ನಾನು ಕೊಡಲಾರೆ. ಆದರೆ ಅವನಿಗಿನ್ನೂ ಎಂಟು ವರ್ಷ ಸಮಯವಿದೆ.

ಇರುವ ದೇವರು ಸಾಲದೆ ಎಂಬ ಪ್ರಶ್ನೆ ನಿಮ್ಮ ಪತ್ರದ ಮರ್ಮ ಎಂದು ನನಗನ್ನಿಸಿತು. ಕೈಮುಗಿಯುವ ದೇವರು ಬೇರೆ, ಕಥೆಗೆಂದು ಹುಟ್ಟಿಸಿದ ದೇವರು ಬೇರೆ ಎಂಬುದು ಹುಡುಗರಿಗೆ ತಿಳಿದಿದೆ. “ಇಲ್ಲಿಯ ಯಾವ ದೇವರಿಗೂ ಯಾರೂ ಹರಕೆ ಹೇಳಿಕೊಳ್ಳಬಾರದು” ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಂಡಿದ್ದಾರೆ. ದೇವರ ಜೊತೆಗೆ ಸಲಿಗೆಯಾಯಿತೆಂಬ ಅಳುಕು ನಿಮಗಿದ್ದರೆ, ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ತಲೆಮಾರು ನಿಮ್ಮದು. ಮರೆಯಲ್ಲಿ ನಿಂತು ಬಾಣ ಬಿಟ್ಟವನನ್ನು ವಾಲಿ ಪ್ರಶ್ನಿಸುವಾಗ ದೇವಸ್ಥಾನದ ಅಂಗಳದಲ್ಲೇ ಕುಳಿತ ಭಕ್ತರು ರಾಮ ಹೇಗೆ ಉತ್ತರಿಸುತ್ತಾನೆಂದು ಕಾಯುತ್ತಿದ್ದರು. ಯಾರ ಭಕ್ತಿಗೂ ಊನವಾಗಲಿಲ್ಲ. ನೀಲೇಶ್ವರದ ಪಾಲಂತಾಯಿ ಕಣ್ಣನ ಕಥೆ ನಿಮಗೆ ಗೊತ್ತಿರಬೇಕು. ದನ ಕಾಯುವ ಹುಡುಗ, ಮಾವಿನ ಮರದ ಮೇಲಿನ ಒಂದು ಸಣ್ಣ ತಪ್ಪಿಗೆ ಊರ ಯಜಮಾನ ಕುರುಪನ ಕೋಪಕ್ಕೆ ಗುರಿಯಾಗಿ ಮಂಗಳೂರಿಗೆ ಓಡಿಹೋಗುತ್ತಾನೆ. ಅಲ್ಲಿ ನರಸಿಂಹನ ಸೇವೆ ಮಾಡಿಕೊಂಡಿದ್ದು, ವರ್ಷಗಳ ನಂತರ ಊರಿಗೆ ಮರಳಿ, ತಾವರೆಗೆರೆಯ ದಡದಲ್ಲಿ ಕುರುಪನ ಕತ್ತಿಗೆ ಬಲಿಯಾಗುತ್ತಾನೆ. ಅವನ ಹಿಂದೆಯೇ ಬಂದ ದೈವ ವಿಷ್ಣುಮೂರ್ತಿ ಇಂದು ತೆಯ್ಯಂ ಆಗಿ ಕೆಂಡದ ರಾಶಿಗೆ ಹಾರುತ್ತದೆ. ತುಳುನಾಡಿನಿಂದ ಮಲಯಾಳಕ್ಕೆ ಒಬ್ಬ ದನಗಾಹಿಯ ಬೆನ್ನು ಹಿಡಿದು ನಡೆದು ಬಂದ ದೈವ! ಅವಳಿ ವೀರರಾದ ಕೋಟಿ ಚೆನ್ನಯರು ಕಾಯ ಬಿಟ್ಟು ಮಾಯ ಸೇರಿದ್ದು, ಮುಸಲ್ಮಾನ ತಂದೆಯ ಮಗನಾದ ಬೊಬ್ಬರ್ಯ ಮೊಗವೀರರ ಕಡಲದೈವವಾದದ್ದು, ಎಲ್ಲವೂ ಇದೇ ಮಣ್ಣಿನವು. ಸ್ಟೀವನ್ ಎರಿಕ್ಸನ್, ಇಯಾನ್ ಎಸ್ಲೆಮಾಂಟ್ ಎಂಬ ಕೆನಡಾದ ಇಬ್ಬರು ಗೆಳೆಯರು 1982ರ ಸುಮಾರಿಗೆ ಆಟಕ್ಕೆಂದು ಒಂದು ಲೋಕ ಕಟ್ಟತೊಡಗಿದರು. ಅದರ ಮೊದಲ ಕಾದಂಬರಿ ಬಂದದ್ದು 1999ರಲ್ಲಿ. ಅಲ್ಲಿ ಸಾಮಾನ್ಯ ಮನುಷ್ಯರು ಮೇಲೇರಿ ದೇವರ ಸಾಲಿಗೆ ಸೇರುತ್ತಾರೆ. ನಮ್ಮ ಪಾಡ್ದನ ಹಾಡುವ ಮುದುಕಿಯರು ಕೇಳಿದ್ದರೆ “ಮತ್ತೆ ಹೇಗೆ ಆಗುತ್ತಾರೆ?” ಎಂದು ಕೇಳುತ್ತಿದ್ದರು.

ಚಂದಮಾಮದ ಬಗ್ಗೆ ನನಗೂ ಪ್ರೀತಿಯಿದೆ. 1949ರಲ್ಲಿ ಕನ್ನಡದಲ್ಲಿ ಶುರುವಾದ ಆ ಪತ್ರಿಕೆ ಎಷ್ಟು ಮನೆಗಳಿಗೆ ಓದು ಕಲಿಸಿತೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಹತ್ತು ವರ್ಷದವನ ರುಚಿಯನ್ನು ಹತ್ತೊಂಬತ್ತರವನಿಗೆ ಕಟ್ಟಬಾರದು. ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಕೊಡಿ. ಅಶ್ವಮೇಧದ ಕುದುರೆಯೊಂದನ್ನು ಅಟ್ಟಿಬಿಟ್ಟು ಅದು ಹೋದಲ್ಲೆಲ್ಲ ಹೊಸ ರಾಜ್ಯ, ಹೊಸ ವಿಸ್ಮಯ. ಪ್ರಮೀಳೆಯ ಸ್ತ್ರೀರಾಜ್ಯ, ಸತ್ತ ಅರ್ಜುನನನ್ನು ಬದುಕಿಸಲು ನಾಗಲೋಕದ ಮಣಿಗಾಗಿ ಬಭ್ರುವಾಹನ ಹೂಡುವ ಯುದ್ಧ. ಈಗಿನ ಇಂಗ್ಲಿಷ್ ಫ್ಯಾಂಟಸಿಯಲ್ಲಿ ನನಗೆ ಹಿಡಿಸದ್ದೂ ಇದೆ. ಮಾಟಕ್ಕೆ ಇಷ್ಟು ಯೂನಿಟ್ ಶಕ್ತಿ, ಇಷ್ಟು ದರ, ಇಷ್ಟು ಬಾಕಿ ಎಂದು ವಿದ್ಯುತ್ ಬಿಲ್ಲಿನ ಹಾಗೆ ಲೆಕ್ಕ ಒಪ್ಪಿಸುವ ಕಾದಂಬರಿಗಳನ್ನು ನಾನು ಅರ್ಧಕ್ಕೆ ಬಿಡುತ್ತೇನೆ. ಎಲ್ಲರೂ ಎಲ್ಲರಿಗೂ ಚೂರಿ ಹಾಕುವ ಸಿಂಹಾಸನದ ಕಥೆಗಳನ್ನೂ ಅಷ್ಟೆ. ಇದು ನನ್ನ ನಾಲಿಗೆಯ ರುಚಿ, ಇಷ್ಟಪಡುವವರು ಓದಲಿ.

ಇಲ್ಲಿಂದ ಮುಂದಿನದು ಮೊಮ್ಮಗನಿಗೆ. ಅಜ್ಜ ಓದಿ ಹೇಳಲಿ.

ಅಪ್ಪೂ, ನಿಮ್ಮ ನಾಲ್ಕು ಡ್ರ್ಯಾಗನ್‌ಗಳಲ್ಲಿ ಮೂರು ಹಿಮಪರ್ವತದ ಮೇಲಿವೆ. ನಿಮ್ಮಲ್ಲಿ ಒಬ್ಬನಾದರೂ ಹಿಮ ಕಂಡವನಿದ್ದಾನೆಯೆ? ಆ ಪುಟಗಳು ನೀರಸವಾಗಿರುವುದಕ್ಕೆ ಅದೇ ಕಾರಣ. ಕುಂಬಳೆಯ ಹತ್ತಿರ ಅನಂತಪುರದ ಸರೋವರ ದೇವಸ್ಥಾನವಿದೆ. ಆ ಕೆರೆಯಲ್ಲಿ ಬಬಿಯಾ ಎಂಬ ಮೊಸಳೆಯಿತ್ತು. ನೈವೇದ್ಯದ ಅನ್ನ ಉಣ್ಣುತ್ತಿತ್ತು, ಕೆರೆಯ ಬದಿಯ ಗುಹೆಯನ್ನು ಕಾಯುತ್ತದೆಂದು ಜನ ನಂಬಿದ್ದರು. 1945ರಲ್ಲಿ ಬ್ರಿಟಿಷ್ ಸಿಪಾಯಿಯೊಬ್ಬ ಅಲ್ಲಿದ್ದ ಮೊಸಳೆಯನ್ನು ಗುಂಡಿಟ್ಟು ಕೊಂದನೆಂದೂ ಕೆಲವೇ ದಿನಗಳಲ್ಲಿ ಇನ್ನೊಂದು ಬಂತೆಂದೂ ಕಥೆ. 2022ರ ಅಕ್ಟೋಬರಿನಲ್ಲಿ ಬಬಿಯಾ ಸತ್ತಾಗ ಅಂತಿಮ ದರ್ಶನಕ್ಕೆ ಜನ ಸಾಲುಗಟ್ಟಿದರು. ಮುಂದಿನ ವರ್ಷ ಅದೇ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿತು. ಗುಹೆ ಕಾಯುವ, ಒಂದು ಸತ್ತರೆ ಇನ್ನೊಂದು ಬರುವ, ಸಸ್ಯಾಹಾರಿ ಡ್ರ್ಯಾಗನ್ ಯಾವ ದೇಶದ ಕಾದಂಬರಿಯಲ್ಲಿದೆ? ಇನ್ನು ಸುರಂಗ. ನಿಮ್ಮ ಅಜ್ಜನ ತೋಟದಲ್ಲೂ ಇರಬಹುದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ, ನೀರು ಒಸರುವ ತನಕ ಕೊರೆಯುತ್ತ ಹೋಗುವುದು; ಉಸಿರಾಡಲು ಗಾಳಿ ಇದೆಯೇ ಎಂದು ತಿಳಿಯಲು ಒಳಗೆ ಮೇಣದಬತ್ತಿ ಉರಿಸಿಕೊಂಡು ಕೆಲಸ ಮಾಡುವುದು. ಬತ್ತಿ ಆರಿದರೆ ಹೊರಗೆ ಬರಬೇಕು. ಆ ಕತ್ತಲೆಯ ಕೊನೆಯಲ್ಲಿ ನೀರನ್ನು ಹಿಡಿದುಕೊಂಡು ಕುಳಿತದ್ದು ಯಾವುದು ಎಂದು ನೀವು ಮೂವರು ಜಗಳವಾಡಿ ನೋಡಿ.

ಮತ್ತೊಂದು ಮಾತು ಮಾಸ್ಟ್ರೇ, ಇದು ನಿಮ್ಮ ಮೇಲಿನ ದೂರಲ್ಲ, ನಮ್ಮೆಲ್ಲರ ಮೇಲಿನದು. ಆ ನೋಟ್‌ಬುಕ್ಕಿನ ಮುಕ್ಕಾಲು ಭಾಗ ಇಂಗ್ಲಿಷಿನಲ್ಲಿದೆ. ಜಗಳ ಮಾತ್ರ ಕನ್ನಡ, ಮಲಯಾಳ, ಬ್ಯಾರಿಗಳಲ್ಲಿ. ಇಂಗ್ಲಿಷಿನಲ್ಲಿ ಯಾಕಿರಬಾರದು? ದೊಡ್ಡವರಿಗಾಗಿ ಬರೆದ ಫ್ಯಾಂಟಸಿ ಕಾದಂಬರಿಯನ್ನು ಕನ್ನಡದಲ್ಲಿ ಹುಡುಕುತ್ತ ನಮ್ಮ ಗಡಿನಾಡಿನ ಗ್ರಂಥಾಲಯಗಳಿಗೆ ಹೋದ ಹುಡುಗನ ಕೈಗೆ ಏನು ಸಿಗುತ್ತದೆ? ವಾಸ್ತವ, ವಾಸ್ತವ ಎಂದು ಜಪಿಸಿ ಅದ್ಭುತವನ್ನು ಮಕ್ಕಳ ಪುಟಕ್ಕೆ ತಳ್ಳಿದೆವು. ಆಮೇಲೆ ಹಲವು ಪತ್ರಿಕೆಗಳು ಮಕ್ಕಳ ಪುಟವನ್ನೇ ತೆಗೆದುಹಾಕಿದವು. ಯಕ್ಷಗಾನದಲ್ಲಿ ಕಾಲ್ಪನಿಕ ಪ್ರಸಂಗ ಬಂದರೂ ಪುರಾಣದ್ದಲ್ಲ ಎಂದು ಮೂಗು ಮುರಿಯುವ ಹಿರಿಯರು ಕಡಿಮೆಯಿಲ್ಲ. ನಮ್ಮ ಪತ್ರಿಕೆಗೆ ಬರುವ ಅಂಚೆಯನ್ನೇ ನೋಡಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನೋವಿನ ಬಗ್ಗೆ ಪ್ರತಿ ವರ್ಷ ಕವಿತೆಗಳ ಕಂತೆ ಬರುತ್ತದೆ. ನೋವು ನಿಜ, ಚಂದ್ರಗಿರಿಯ ಬಡಗಿನ ಭಾಗ ಕರ್ನಾಟಕಕ್ಕೆ ಸೇರಲಿ ಎಂದ ಮಹಾಜನ ವರದಿ ಧೂಳು ತಿನ್ನುತ್ತಿರುವುದೂ ನಿಜ. ಆದರೆ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಹೊತ್ತಿಸಿದ ಬೆಂಕಿಯ ಬೂದಿಯನ್ನೇ ಎಲ್ಲರೂ ಹಣೆಗೆ ಬಳಿದುಕೊಂಡು ಬಂದರೆ ಸಂಪಾದಕ ಏನು ಮಾಡಬೇಕು? ಏಳು ಭಾಷೆಗಳ ಊರು ಎಂದು ಸ್ವಾಗತ ಭಾಷಣದಲ್ಲಿ ಹೇಳಿಕೊಳ್ಳುತ್ತೇವೆ. ಆ ಏಳರಲ್ಲೂ ಜಗಳವಾಡುವ ದೇವರನ್ನು ಯಾರೂ ಬರೆದು ಕಳುಹಿಸಲಿಲ್ಲ.

ಆದ್ದರಿಂದ ಒಂದು ವ್ಯವಸ್ಥೆ ಮಾಡಿದ್ದೇನೆ. ದೀಪಾವಳಿ ಸಂಚಿಕೆಯಲ್ಲಿ ಆರು ಪುಟ ಈ ಮೂವರಿಗೆ. ಅವರು ಒಪ್ಪಿದರೆ ಮಾತ್ರ. ನೀವು ಒಪ್ಪಿದರೆ ಸಾಲದು. ಕನ್ನಡದಲ್ಲಿರಬೇಕು, ಬೇರೆ ಭಾಷೆಯ ಮಾತು ನಡುವೆ ಬಂದರೆ ಬರಲಿ. ನಕ್ಷೆಯನ್ನು ಕಪ್ಪು ಶಾಯಿಯಲ್ಲಿ ಬರೆದು ಕಳುಹಿಸಲಿ, ಪೆನ್ಸಿಲ್ ಗೆರೆ ಅಚ್ಚಿನಲ್ಲಿ ಏಳುವುದಿಲ್ಲ. ಬಡಗು ದಡದವರ ಪಕ್ಷವನ್ನು ಹುಡುಗರು ವಹಿಸಲಿ, ತೆಂಕು ದಡದ ಪರವಾಗಿ ನೀವು ಅರ್ಥ ಹೇಳಬೇಕು. ಎರಡು ಪುಟ ಮೀರಬಾರದು. ಅರ್ಥಧಾರಿಗಳ ವಿಷಯ ನನಗೆ ಗೊತ್ತಿದೆ. ಜಾಗ ಕಳೆದುಕೊಳ್ಳುವ ಕವಿಗಳಿಗೆ ಸಿಟ್ಟು ಬರಬಹುದು. ಅವರಿಗೆ ನವೆಂಬರ್ ಸಂಚಿಕೆ ಹೇಗೂ ಇದೆ.