ಸ್ವರ್ಗ ಇದೆ ಅಂತ ನಂಬುವವರು ಅಳುವುದು ಯಾಕೆ?

ಕ್ರೈಸ್ತರು ಸ್ವರ್ಗ ಇದೆ ಅಂತ ನಂಬುತ್ತಾರೆ, ಆದರೂ ಮನೆಯವರು ಸತ್ತಾಗ ಅಷ್ಟೊಂದು ಅಳುತ್ತಾರಲ್ಲ, ಸಾವಿನ ಭಯ ಇನ್ನೂ ಹೋಗಿಲ್ವಾ ಅಂತ ಕೇಳಿದ್ದೀರಿ. ನಾನು ಮೈಸೂರಿನ ಅಶೋಕ ರಸ್ತೆ ಹತ್ತಿರ ಹುಟ್ಟಿ ಬೆಳೆದ ಕಥೋಲಿಕ. ಅವ್ವ ತೀರಿಕೊಂಡು ಮೂರು ವರ್ಷ ಆಯ್ತು. ಈಗಲೂ ಕೆಲವು ರಾತ್ರಿ ಅಳು ಬರುತ್ತದೆ.

ಯೇಸುವಿನ ಬದುಕನ್ನು ಹೇಳುವ ಶುಭಸಂದೇಶದಲ್ಲಿ ಯೇಸುವೇ ಅತ್ತಿದ್ದಾರೆ. ಗೆಳೆಯ ಲಾಜರ ಸತ್ತು ನಾಲ್ಕು ದಿನ ಆಗಿತ್ತು. ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೇ ಊರಿಗೆ ಬಂದಿದ್ದರು. ಆದರೂ ಅವನ ಒಡಹುಟ್ಟಿದ ಮರಿಯಾ ಅಳುವುದನ್ನು ಕಂಡು ಅವರ ಕಣ್ಣಲ್ಲೂ ನೀರು ಬಂತು. ಪುನರುತ್ಥಾನದ, ಅಂದರೆ ಸತ್ತವರು ಮತ್ತೆ ಎದ್ದೇಳುತ್ತಾರೆ ಅನ್ನುವ ನಂಬಿಕೆ ಇದ್ದರೆ ಅಳಬಾರದು ಅಂತ ಯಾರಾದರೂ ಹೇಳಿದರೆ ನಾನು ಈ ಕಥೆ ನೆನಪಿಸುತ್ತೇನೆ.

ಇನ್ನು ಭಯ. ಅದೂ ಇದೆ. ಆದರೆ ನನಗೆ ಸಾವಿಗಿಂತ ಜಾಸ್ತಿ ಭಯ ಇರುವುದು ಬಾಕಿ ಉಳಿಸಿಕೊಂಡು ಹೋಗುವುದರ ಬಗ್ಗೆ. ನಮಗೆ ಇನ್ನೊಂದು ಜನ್ಮ ಇಲ್ಲ. ಕ್ಷಮಿಸುವುದಿದ್ದರೆ ಈಗಲೇ ಕ್ಷಮಿಸಬೇಕು. ಇದನ್ನು ನಾನು ಕಲಿತದ್ದು ಅವ್ವನಿಂದ.

ಅವ್ವ ಹಾಸಿಗೆ ಹಿಡಿದಿದ್ದಳು. ರೋಗಿಗಳ ಅಭ್ಯಂಗ, ಅಂದರೆ ಪ್ರಾರ್ಥಿಸಿ ಎಣ್ಣೆ ಹಚ್ಚುವ ಸಂಸ್ಕಾರ, ಕೊಡಲು ಫಾದರ್‌ನ ಕರೆಸೋಣ ಅಂದೆ. ಅದು ಸಾಯುವವರಿಗೆ ಮಾತ್ರ ಅಂತ ತುಂಬಾ ಜನ ಹೆದರುತ್ತಾರೆ, ಹಾಗೇನಿಲ್ಲ, ಕಾಯಿಲೆ ಜೋರಾದ ಯಾರಿಗಾದರೂ ಕೊಡುತ್ತಾರೆ. ಅವ್ವ ಹೆದರಲಿಲ್ಲ. "ಮೊದ್ಲು ನಿನ್ ಮಾವನ್ನ ಕರ್ಸು" ಅಂದಳು. ಮಂಡ್ಯದ ಸೋದರಮಾವನ ಜೊತೆ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಗದ್ದೆ ಪಾಲಿನ ಜಗಳ.

ಮಾವ ಮಾರನೇ ದಿನ ಬೆಳಗಿನ ರೈಲಿಗೇ ಬಂದರು. ಕೈಯಲ್ಲಿ ಅಚ್ಚು ಬೆಲ್ಲದ ಪೊಟ್ಟಣ. ಒಳಗೆ ಬರದೆ ಬಾಗಿಲಲ್ಲೇ ನಿಂತರು. ಅವ್ವ ಹಾಸಿಗೆಯ ಅಂಚು ತಟ್ಟಿ "ಕೂತ್ಕೊ ಬಾ" ಅಂದಳು. ಗದ್ದೆ ಮಾತು ಯಾರೂ ಎತ್ತಲಿಲ್ಲ. ಸಂಜೆ ಫಾದರ್ ಬಂದು ಅವಳ ಹಣೆಗೆ, ಎರಡೂ ಅಂಗೈಗೆ ಎಣ್ಣೆ ಹಚ್ಚಿದರು. ಮುದ್ದೆ ತಿರುವಿ ತಿರುವಿ ಒರಟಾಗಿದ್ದ ಅಂಗೈ. ಎಣ್ಣೆ ಅದರ ಗೆರೆಗಳಲ್ಲಿ ಇಳಿದು ಹೊಳೆಯುತ್ತಿತ್ತು. ಒಂಬತ್ತು ದಿನ ಬಿಟ್ಟು ಹೋದಳು.

ಸಾವನ್ನು ನಮಗೆ ಪ್ರತಿ ವರ್ಷ ನೆನಪು ಮಾಡಿಕೊಡುತ್ತಾರೆ. ಈಸ್ಟರ್ ಹಬ್ಬದ ಹಿಂದಿನ ವಾರ ಬರುವ ಗರಿಗಳ ಭಾನುವಾರ ಮನೆಗೆ ತಂದ ತೆಂಗು-ತಾಳೆಯ ಗರಿಯನ್ನು ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತೇವೆ. ಮುಂದಿನ ವರ್ಷ ಅದನ್ನೇ ಸುಟ್ಟು ಬೂದಿ ಮಾಡಿ, ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗುವ ವಿಭೂತಿ ಬುಧವಾರ ಹಣೆಗೆ ಇಡುತ್ತಾರೆ. ನೀನು ಮಣ್ಣು, ಮಣ್ಣಿಗೇ ಮರಳುತ್ತೀಯ ಅಂತ. ಚಿಕ್ಕ ಮಕ್ಕಳ ಹಣೆಗೂ ಇಡುತ್ತಾರೆ.

ಅವ್ವ ಹೋದ ಮೇಲೆ ನಾನು ಸುಮ್ನೆ ಹೋಗಿ ಕೂರುತ್ತಿದ್ದದ್ದು ಫಿಲೋಮಿನಾ ಚರ್ಚಿನಲ್ಲಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಚರ್ಚ್ ಅದು. ಬಂದವರೆಲ್ಲ ಜೋಡಿ ಗೋಪುರ ನೋಡುತ್ತಾರೆ. ನನಗೆ ಇಷ್ಟ ಪೀಠದ ಕೆಳಗಿನ ನೆಲಮಾಳಿಗೆ, ಸಂತ ಫಿಲೋಮಿನಾಳ ಪ್ರತಿಮೆ ಇರುವ ಜಾಗ. ಆಕೆಯದೆಂದು ನಂಬುವ ಗೋರಿ ಸಿಕ್ಕಿದ್ದು 1802ರಲ್ಲಿ, ರೋಮ್‌ನ ನೆಲದಡಿಯ ಸ್ಮಶಾನದಲ್ಲಿ. ಗೋರಿ ಮುಚ್ಚಿದ್ದ ಹೆಂಚುಗಳ ಮೇಲೆ ನಿನಗೆ ಶಾಂತಿ ಎಂಬ ಅರ್ಥದ ಬರಹವಿತ್ತು, ಪಕ್ಕದಲ್ಲಿ ಲಂಗರಿನ ಚಿತ್ರ. ಮೊದಲ ಶತಮಾನಗಳ ಕ್ರೈಸ್ತರು ಭರವಸೆಯ ಗುರುತಾಗಿ ಲಂಗರು ಬರೆಯುತ್ತಿದ್ದರು. ಅಲೆ ಎಷ್ಟೇ ಎದ್ದರೂ ದೋಣಿ ಕೊಚ್ಚಿಹೋಗಲ್ಲ, ಅಲ್ವಾ? ನನ್ನ ನಂಬಿಕೆಯೂ ಅಷ್ಟೇ. ಅಲೆ ನಿಂತಿಲ್ಲ.

ನವೆಂಬರ್ 2 ನಮಗೆ ಸಕಲ ಮೃತರ ದಿನ. ಪಿತೃಪಕ್ಷದ ಹಾಗೆ ಎಡೆ ಇಡುವುದಿಲ್ಲ. ಸಮಾಧಿ ತೊಳೆದು, ಸೇವಂತಿಗೆ ಹಾಕಿ, ಮೇಣದಬತ್ತಿ ಹಚ್ಚಿ, ಹೋದವರಿಗಾಗಿ ಪ್ರಾರ್ಥಿಸುತ್ತೇವೆ. ಕ್ರೈಸ್ತರಲ್ಲೇ ಇನ್ನೊಂದು ಪಂಗಡದವರಾದ ಪ್ರಾಟೆಸ್ಟೆಂಟರು ಸಾಮಾನ್ಯವಾಗಿ ಸತ್ತವರಿಗಾಗಿ ಹೀಗೆ ಬೇಡುವುದಿಲ್ಲ, ದೇವರ ಕೈಗೆ ಬಿಟ್ಟುಬಿಡುತ್ತಾರೆ. ನನಗೆ ಮಾತ್ರ ಅವ್ವನಿಗಾಗಿ ಮಾಡಲು ಇನ್ನೂ ಏನೋ ಒಂದು ಇದೆಯಲ್ಲ ಅನ್ನುವುದೇ ಸಮಾಧಾನ.

ಹೋದ ಸಲ ಮಾವನೂ ಬಂದಿದ್ದರು. ಸಮಾಧಿಗೆ ಸುಣ್ಣ ಬಳಿಯಲು ನನಗೆ ಬಿಡಲಿಲ್ಲ, ಪ್ಯಾಂಟು ಮಡಚಿಕೊಂಡು ತಾವೇ ಬಳಿದರು. ಹೊರಡುವಾಗ ಸುಣ್ಣದ ಕೈಯನ್ನೇ ಶಿಲುಬೆ ಮೇಲಿಟ್ಟು, "ಬರ್ತೀನಕ್ಕಾ" ಅಂದರು.