ಸಂಪಾದಕರ ಉತ್ತರ: ಎಂಜಿನ್ ನಿಂತರೆ ಹೆಲಿಕಾಪ್ಟರ್ ಬಿದ್ದೇಬಿಡುತ್ತದೆಯೇ?

ಗದಗದ ಓದುಗರೊಬ್ಬರು ಬರೆದಿದ್ದಾರೆ: ಹುಬ್ಬಳ್ಳಿಯಲ್ಲಿ ನೋಡಿದ ಸಿನಿಮಾದಲ್ಲಿ ಹೀರೋ ಹೆಲಿಕಾಪ್ಟರಿನ ಕೆಳಗಿನ ಕಂಬಿಗೆ ಜೋತುಬಿದ್ದು ಹೊಡೆದಾಡಿದ, ಎಂಜಿನ್‌ಗೆ ಗುಂಡು ತಾಗಿದ್ದೇ ತಡ, ಅದು ನೆಟ್ಟಗೆ ನೆಲಕ್ಕೆ ಬಿತ್ತು. “ಖರೇನ ಹಿಂಗ ಆಗತೈತೇನ್ರೀ? ಇಷ್ಟು ಡೇಂಜರ್ ಇದ್ರ ಪೈಲಟ್ ಶೂಟಿಂಗಿಗೆ ಯಾಕ ಒಪ್ಪತಾನ?”

ಮಾನ್ಯರೇ,

ಎಂಜಿನ್ ನಿಂತ ಮಾತ್ರಕ್ಕೆ ಹೆಲಿಕಾಪ್ಟರ್ ನೆಟ್ಟಗೆ ಬೀಳುವುದಿಲ್ಲ. ಪೈಲಟ್ ತಕ್ಷಣ ಎಡಗೈಯಲ್ಲಿರುವ ಕಲೆಕ್ಟಿವ್ ಲಿವರ್ ಕೆಳಗೆ ತಳ್ಳುತ್ತಾನೆ. ಮೇಲೆ ತಿರುಗುವ ರೆಕ್ಕೆಗಳ ಓರೆ ತಗ್ಗುತ್ತದೆ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ಅವನ್ನು ತಿರುಗಿಸುತ್ತದೆ, ಜಾತ್ರೆಯ ಗಿರಗಿಟ್ಟಲೆ ಹಿಡಿದು ಮಕ್ಕಳು ಓಡಿದ ಹಾಗೆ. ನೆಲ ಹತ್ತಿರ ಬಂದಾಗ ಮೂತಿ ಎತ್ತಿ ವೇಗ ಕಳೆದು, ಕಡೆಗೆ ಲಿವರ್ ಮೇಲೆಳೆದು, ರೆಕ್ಕೆಯಲ್ಲಿ ಉಳಿದ ಸುತ್ತಿನ ಬಲದಲ್ಲೇ ಇಳಿಸುತ್ತಾನೆ. ಇದು ಆಟೊರೊಟೇಷನ್, ಹೆಲಿಕಾಪ್ಟರ್ ಪೈಲಟ್ ಆಗುವವರು ಕಲಿಯಲೇಬೇಕಾದ ಪಾಠ. ಚಿಕ್ಕ ಹೆಲಿಕಾಪ್ಟರಾದರೆ ಲಿವರ್ ತಳ್ಳಲು ಸಿಗುವುದು ಒಂದೆರಡು ಸೆಕೆಂಡು ಅಷ್ಟೆ. ಸಿನಿಮಾದವನಂತೆ ಹಿಂದೆ ತಿರುಗಿ ಡೈಲಾಗ್ ಹೇಳುತ್ತ ಕೂತರೆ ಕತೆ ಮುಗಿಯಿತು.

ಆದರೆ ಇದಕ್ಕೆ ಎತ್ತರವಾದರೂ ಇರಬೇಕು, ವೇಗವಾದರೂ ಇರಬೇಕು. ನೂರಿನ್ನೂರು ಅಡಿ ಮೇಲೆ ಅಲ್ಲಾಡದೆ ನಿಂತಾಗ ಎಂಜಿನ್ ಕೈಕೊಟ್ಟರೆ ಎರಡೂ ಇಲ್ಲ. ಕ್ಯಾಮೆರಾ ಕೇಳುವುದು ಸರಿಯಾಗಿ ಅದನ್ನೇ: ತಗ್ಗಿನಲ್ಲಿ, ನಿಧಾನವಾಗಿ, ನಟರ ತಲೆಯ ಮೇಲೆಯೇ ನಿಲ್ಲಬೇಕು. ನನ್ನ ತಕರಾರು ಇಲ್ಲಿದೆ. ಸಿನಿಮಾ ಹೆದರಬೇಕಿಲ್ಲದ ಕಡೆ ನಮ್ಮನ್ನು ಹೆದರಿಸುತ್ತದೆ. ಹೆದರಬೇಕಾದ ಬಾಲದ ರೋಟರಿನ (ಬಾಲದ ತುದಿಯಲ್ಲಿ ತಿರುಗುವ ಚಿಕ್ಕ ರೆಕ್ಕೆ) ಪಕ್ಕದಲ್ಲೇ ಹೀರೋಗೆ ತಂಪು ಕನ್ನಡಕ ಹಾಕಿಸಿ ಸ್ಲೋಮೋಷನ್‌ನಲ್ಲಿ ನಡೆಸುತ್ತದೆ. ಜೋರಾಗಿ ತಿರುಗುವಾಗ ಅದು ಕಣ್ಣಿಗೂ ಸರಿಯಾಗಿ ಬೀಳುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 1982ರ ಜುಲೈ 23ರಂದು ‘ಟ್ವೈಲೈಟ್ ಝೋನ್’ ಚಿತ್ರೀಕರಣದಲ್ಲಿ ಸಿಡಿಮದ್ದಿನಿಂದ ಕೆಟ್ಟದ್ದು ಆ ಬಾಲದ ರೋಟರೇ. ಹೆಲಿಕಾಪ್ಟರ್ ಇದ್ದದ್ದು ಸುಮಾರು 25 ಅಡಿ ಎತ್ತರದಲ್ಲಿ. ಒಳಗಿದ್ದವರು ಬದುಕಿದರು, ಕೆಳಗೆ ನೀರಿನಲ್ಲಿದ್ದ ನಟ ವಿಕ್ ಮಾರೋ ಮತ್ತು ಇಬ್ಬರು ಮಕ್ಕಳು ಸತ್ತರು. ನಮ್ಮ ‘ಮಾಸ್ತಿಗುಡಿ’ಯದು ಇನ್ನೂ ಹೊಟ್ಟೆ ಉರಿಸುವ ಸಂಗತಿ. 2016ರ ನವೆಂಬರ್ 7ರಂದು ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಲೈಫ್ ಜಾಕೆಟ್ ಇಲ್ಲದೆ ಜಿಗಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿಹೋದರು. ಹೆಲಿಕಾಪ್ಟರಿಗೆ ಏನೂ ಆಗಿರಲಿಲ್ಲ.

ಕಂಬಿಗೆ ಜೋತಾಡುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ತೂಕ ಒಂದೇ ಬದಿಗೆ ಬಿದ್ದರೆ ಸಮತೋಲ ತಪ್ಪುತ್ತದೆ. ತೆರೆಯ ಮೇಲೆ ಕಾಣದ ಬೆಲ್ಟು, ವೈರುಗಳನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಅಳಿಸಿರುತ್ತಾರೆ.

ಇನ್ನು, ಪೈಲಟ್ ಯಾಕೆ ಒಪ್ಪುತ್ತಾನೆ? ಒಳ್ಳೆಯ ಪೈಲಟ್ ಎಲ್ಲದಕ್ಕೂ ಒಪ್ಪುವುದಿಲ್ಲ. 2023ರ ಮಾರ್ಚ್‌ನಲ್ಲಿ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವ ಹೊತ್ತಿಗೆ ಪ್ಲಾಸ್ಟಿಕ್ ಹಾಳೆ, ಚೀಲಗಳು ಹಾರಿ ಮೇಲೆದ್ದವು. ಪೈಲಟ್ ಇಳಿಸದೆ ಮತ್ತೆ ಮೇಲೇರಿಸಿದರು. ಕೆಳಗೆ ಕಸ ಎತ್ತಿದ ಮೇಲೆಯೇ ಇಳಿಸಿದರು. ಚಿತ್ರೀಕರಣದಲ್ಲೂ ಹೀಗೆ ‘ಆಗಲ್ಲ’ ಎನ್ನುವ ಹಕ್ಕು ಪೈಲಟ್‌ಗೆ ಇರಬೇಕು, ನಿರ್ದೇಶಕರು ಎಷ್ಟೇ ದೊಡ್ಡವರಿರಲಿ.

– ಸಂ.