ತಾಟು ಬೇರೆ ಇಡಬೇಕಿಲ್ಲ, ಮೊದಲ ದಿನದ ಲಸಿಕೆ ತಪ್ಪಬಾರದು

ಪ್ರಶ್ನೆ: ಮೇಡಂ, ನನಗೀಗ ಆರು ತಿಂಗಳು, ಚೊಚ್ಚಲು. ರಕ್ತ ಪರೀಕ್ಷೆಯಲ್ಲಿ ‘ಹೆಪಟೈಟಿಸ್ ಬಿ ಪಾಸಿಟಿವ್’ ಬಂದಿದೆ. ಜ್ವರವಿಲ್ಲ, ಕಾಮಾಲೆಯಿಲ್ಲ. ಅತ್ತೆ ನನ್ನ ತಾಟು, ಚೊಂಬು ಬೇರೆ ಮಾಡಿದ್ದಾರೆ. ಮಗುವಿಗೆ ಎದೆಹಾಲು ಕೊಡಬಾರದು ಅಂತಾರೆ. ಹೆರಿಗೆಗೆ ತವರಿಗೆ ಹೋಗಬೇಕು. ಮಗುವಿಗೂ ಇದು ಬರುತ್ತದೆಯೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಬರದಂತೆ ತಡೆಯಬಹುದಮ್ಮ. ಮೊದಲು ನಿಮ್ಮ ತಾಟನ್ನು ಎಲ್ಲರ ತಾಟಿನ ಜೊತೆಗೇ ಇಡಿಸಿ. ಲಿವರಿಗೆ ತಗುಲುವ ಈ ವೈರಸ್ ಹರಡುವುದು ರಕ್ತ ಮತ್ತು ಲೈಂಗಿಕ ಸಂಪರ್ಕದಿಂದ. ಒಟ್ಟಿಗೆ ಉಂಡರೆ ಬರುವುದಿಲ್ಲ. ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಮಾತ್ರ ನಿಮ್ಮದು ನಿಮಗೇ ಇರಲಿ.

ಮಗುವಿಗೆ ಅಪಾಯವಿರುವುದು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ. ದೊಡ್ಡವರಿಗೆ ತಗುಲಿದರೆ ನೂರಕ್ಕೆ ತೊಂಬತ್ತೈದು ಮಂದಿಗೆ ತಾನಾಗಿ ಹೋಗುತ್ತದೆ. ಹುಟ್ಟುವಾಗಲೇ ತಗುಲಿದ ಕೂಸುಗಳಲ್ಲಿ ಲೆಕ್ಕ ತಿರುಗುಮುರುಗು, ನೂರಕ್ಕೆ ತೊಂಬತ್ತರಲ್ಲಿ ಅದು ಉಳಿದುಬಿಡುತ್ತದೆ. ಮುಂದೆಂದೋ ಲಿವರ್ ಗಟ್ಟಿಯಾಗಿ ಕೆಡುವ ಸಿರೋಸಿಸ್ಸು, ಲಿವರ್ ಕ್ಯಾನ್ಸರು ಆಗುವುದು ಇಂಥವರಲ್ಲೇ ಹೆಚ್ಚು. ಅದಕ್ಕೇ ನಾನು ಮೊದಲ ದಿನದ ಬಗ್ಗೆ ಇಷ್ಟು ಹಟ ಹಿಡಿಯುವುದು.

ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ಬೀಳಬೇಕು. 12 ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. ಅದರ ಜೊತೆಗೇ ಇನ್ನೊಂದು ತೊಡೆಗೆ ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯ) ಚುಚ್ಚುಮದ್ದು. ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಎರಡನೆಯದು ಎಲ್ಲ ಕಡೆ ಕೈಗೆಟಕುವಂತಿರುವುದಿಲ್ಲ, ದುಬಾರಿ ಕೂಡ. ನೋವು ಶುರುವಾದ ಮೇಲೆ ನಿಮ್ಮ ಅಣ್ಣ ರಾತ್ರಿ ಮೆಡಿಕಲ್ ಶಾಪ್ ಹುಡುಕಿಕೊಂಡು ಅಲೆಯುವ ಹಾಗಾಗಬಾರದು. ಎಂಟನೇ ತಿಂಗಳಲ್ಲೇ ತವರೂರಿನ ಆಸ್ಪತ್ರೆಗೆ ಹೋಗಿ, ತರಿಸಿ ಫ್ರಿಜ್ಜಿನಲ್ಲಿ ಇಡುವಂತೆ ಹೇಳಿ. ತಾಯಿ ಕಾರ್ಡಿನ ಮೇಲೆ ಈ ರಿಪೋರ್ಟನ್ನು ಕೆಂಪು ಶಾಯಿಯಲ್ಲಿ ಬರೆಸಿ. ಗಂಡನ ಮನೆಯಲ್ಲಿ ಪರೀಕ್ಷೆ, ತವರಿನಲ್ಲಿ ಹೆರಿಗೆ ಆದಾಗ ನಡುವೆ ತಪ್ಪಿಹೋಗುವುದೇ ಈ ಮಾಹಿತಿ. ‘ಲಸಿಕೆ ಗುರುವಾರ, ಆವತ್ತು ಬನ್ನಿ’ ಎಂದರೆ ಒಪ್ಪಬೇಡಿ. ತೂಕ ಕಡಿಮೆ ಎಂದರೂ ಬಿಡಬೇಡಿ, ಮಕ್ಕಳ ಡಾಕ್ಟರನ್ನು ಕರೆಸಿ.

ಈಗಲೇ ಮಾಡಿಸಬೇಕಾದದ್ದು ವೈರಲ್ ಲೋಡ್ ಪರೀಕ್ಷೆ, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಲೆಕ್ಕ. ಅದು ಮಿಲಿಲೀಟರಿಗೆ 2 ಲಕ್ಷ ಯೂನಿಟ್ ದಾಟಿದ್ದರೆ ಏಳನೇ ತಿಂಗಳಿನಿಂದ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ದಿನಕ್ಕೊಂದು ಕೊಡುತ್ತಾರೆ. ಬಸುರಿಯರಿಗೆ ವರ್ಷಗಳಿಂದ ಕೊಡುತ್ತಿರುವ ಮಾತ್ರೆ, ಹೆದರಬೇಡಿ. ಡಾಕ್ಟರನ್ನು ಕೇಳದೆ ನೀವಾಗಿ ನಿಲ್ಲಿಸಬೇಡಿ. ಇದಕ್ಕೆಂದೇ ಸಿಸೇರಿಯನ್ ಬೇಕಿಲ್ಲ.

ಎದೆಹಾಲು ಧಾರಾಳವಾಗಿ ಕೊಡಿ, ಅತ್ತೆಯವರಿಗೆ ನಾನೇ ಹೇಳಿದೆನೆಂದು ಹೇಳಿ. ಆರು, ಹತ್ತು, ಹದಿನಾಲ್ಕನೇ ವಾರದ ಪೆಂಟಾವೇಲೆಂಟ್‌ನಲ್ಲಿ (ಐದು ರೋಗಗಳಿಗೆ ಒಂದೇ ಚುಚ್ಚುಮದ್ದು) ಇದೇ ಲಸಿಕೆ ಸೇರಿರುತ್ತದೆ, ಅವನ್ನೂ ತಪ್ಪಿಸಬೇಡಿ. ಒಂಬತ್ತು ತಿಂಗಳು ತುಂಬಿದ ಮೇಲೆ ಮಗುವಿನ ರಕ್ತ ಪರೀಕ್ಷೆ ಮಾಡಿಸಿ. ಅದಕ್ಕೂ ಮೊದಲೇ ಮಾಡಿಸಿದರೆ ಫಲಿತಾಂಶ ದಾರಿ ತಪ್ಪಿಸಬಹುದು.

ನಿಮ್ಮ ಯಜಮಾನರನ್ನು ಮಾತ್ರ ಈ ವಾರವೇ ಲ್ಯಾಬಿಗೆ ಕಳಿಸಿ. ನೆಗೆಟಿವ್ ಬಂದು, ಮೊದಲು ಲಸಿಕೆ ಆಗಿರದಿದ್ದರೆ ಅವರಿಗೂ ಮೂರು ಡೋಸ್ ಹಾಕಿಸಿ.